ಸಿಡಿ ಬರ್ನರ್ ಇಲ್ಲದೆ ಲಿನಕ್ಸ್ ಹಾಕಬಹುದೇ?

ಪ್ರಶ್ನೆ: ನನ್ನ ಹಳೆಯ ಕಂಪ್ಯೂಟರಿನಲ್ಲಿ ಸಿಡಿ ಬರ್ನರ್ ಇಲ್ಲ. ಲಿನಕ್ಸ್ ಹಾಕಿಕೊಳ್ಳುವುದು ಹೇಗೆ?

ಉತ್ತರ: ಸಿಡಿಯ ಗೊಡವೆಯೇ ಬೇಡ, ಪೆನ್‌ಡ್ರೈವ್ ಸಾಕು. ಬೇರೊಂದು ಕಂಪ್ಯೂಟರಿನಲ್ಲಿ ಲಿನಕ್ಸ್‌ನ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್‌ನಂಥ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಸುಮ್ಮನೆ ಕಾಪಿ ಮಾಡಿದರೆ ಹಳೆಯ ಯಂತ್ರ ಬೂಟ್ ಆಗದು. ಆನ್ ಮಾಡುತ್ತಲೇ ಎಫ್12 ಒತ್ತಿ (ಕೆಲವು ಯಂತ್ರಗಳಲ್ಲಿ ಎಫ್2 ಅಥವಾ ಡಿಲೀಟ್) ಯುಎಸ್‌ಬಿ ಆರಿಸಿ.

ಪಟ್ಟಿಯಲ್ಲಿ ಯುಎಸ್‌ಬಿಯೇ ಇಲ್ಲವೇ? 2000ದ ಆಸುಪಾಸಿನ ಎಷ್ಟೋ ಯಂತ್ರಗಳ ಪಾಡು ಅದು. ಆಗ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಅಲ್ಲೇ ಲಿನಕ್ಸ್ ಹಾಕಿ, ಮರಳಿ ಕೂರಿಸಿ. ಯಂತ್ರ ಬದಲಾಯಿತೆಂದು ಲಿನಕ್ಸ್ ಮುನಿಸಿಕೊಳ್ಳುವುದು ಅಪರೂಪ. ಆ ಕಂಪ್ಯೂಟರಿನ ಸ್ವಂತ ಡಿಸ್ಕನ್ನು ಮಾತ್ರ ಮೊದಲೇ ಕಳಚಿಡಿ; ಇಲ್ಲದಿದ್ದರೆ ಅಳಿಯಬಾರದ್ದು ಅಳಿದೀತು.

ಪ್ರೊಸೆಸರ್ 32 ಬಿಟ್‌ನದಾದರೆ ಡೆಬಿಯನ್ ಎಂಬ ಲಿನಕ್ಸ್‌ನ 12ನೇ ಆವೃತ್ತಿ ನೋಡಿ. 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ.