ಹಳೆಯ ಲಾರಿಗಳ ಬಾಗಿಲಿನಲ್ಲಿ ನೀರು ಸೋರುವುದು: ಅದರ ಕಾರಣವೂ ನಿವಾರಣೋಪಾಯವೂ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಸೀಮೆಯಿಂದ ತೋಟದ ಫಸಲನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಲು ಹಳೆಯ ಲಾರಿಯನ್ನಿಟ್ಟುಕೊಂಡಿರುವ ಭೂಮಾಲೀಕರಿಗೆ ಹಸ್ತ, ಚಿತ್ತೆಗಳ ಮಳೆಯಲ್ಲಿ ಒಂದು ತೊಂದರೆ ತಪ್ಪದು. ಬಾಗಿಲಿನ ಗಾಜಿನ ಬಳಿ ನೀರಿಳಿದು ಚಾಲಕನ ಕಾಲಡಿಯಲ್ಲಿ ನಿಲ್ಲುತ್ತದೆ. ನೆಲದ ತಗಡು ತುಕ್ಕು ಹಿಡಿದು ತೂತಾಗುತ್ತದೆ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿಯು ಸುಮಾರು 8ರಿಂದ 11 ತಿಂಗಳು ಅಟ್ಟದ ಮೇಲೆ ಒಣಗಬೇಕು. ಹೀಗೆ ಒಣಗಿಸಿ ಸುಲಿದ ಕೊಬ್ಬರಿಯ ಚೀಲವೊಂದನ್ನು ಟಾರ್ಪಾಲಿನ ಕೆಳಗೆ ಸ್ಥಳವಿಲ್ಲದೆ ಚಾಲಕನ ಪಕ್ಕದಲ್ಲಿಟ್ಟರೆ, ಆ ನೀರು ತಗುಲಿ ಬೂಸು ಹಿಡಿದು ಬೆಲೆ ಇಳಿಯುವುದಕ್ಕೆ ಹೆಚ್ಚು ಕಾಲ ಬೇಕಾಗದು.

ಇಂತಹ ಸಂದರ್ಭದಲ್ಲಿ ಮಾಲೀಕರು ಸಾಮಾನ್ಯವಾಗಿ ಗಾಜಿನ ಸುತ್ತಲಿನ ರಬ್ಬರನ್ನೆಲ್ಲ ಬದಲಾಯಿಸುತ್ತಾರೆ. ಹಣ ವೆಚ್ಚವಾಗುವುದೇ ಹೊರತು ಸೋರಿಕೆಯು ನಿಲ್ಲದಿರುವುದುಂಟು. ಬಾಗಿಲಿನ ರಚನೆಯನ್ನು ತಿಳಿದರೆ ಇದರ ಕಾರಣವು ಸ್ಪಷ್ಟವಾಗುವುದು.

ಲಾರಿಯ ಬಾಗಿಲು ಹೊರತಗಡು, ಒಳತಗಡು ಎಂಬ ಎರಡು ಪದರಗಳಿಂದಾದುದು. ನಡುವಣ ಪೊಳ್ಳಿನಲ್ಲಿ ಗಾಜು ಮೇಲೆ ಕೆಳಗೆ ಚಲಿಸುತ್ತದೆ. ಗಾಜಿನ ಬುಡದಲ್ಲಿರುವ ರಬ್ಬರು ಪಟ್ಟಿಯು ಎಷ್ಟೇ ಹೊಸದಾಗಿದ್ದರೂ ಸ್ವಲ್ಪ ನೀರು ಈ ಪೊಳ್ಳಿಗೆ ಇಳಿದೇ ಇಳಿಯುತ್ತದೆ. ಬಾಗಿಲನ್ನು ತಯಾರಿಸಿದವರು ಇದನ್ನು ಬಲ್ಲವರಾದುದರಿಂದಲೇ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳನ್ನಿಟ್ಟಿದ್ದಾರೆ. ಒಳತಗಡಿನಲ್ಲಿರುವ ದೊಡ್ಡ ಕಂಡಿಗಳ ಮೂಲಕ ನೀರು ಒಳಕ್ಕೆ ಬಾರದಂತೆ, ಡೋರ್ ಪ್ಯಾಡಿನ ಹಿಂದೆ ನೀರು ಹಿಡಿಯದ ಒಂದು ಹಾಳೆಯನ್ನು ಅಂಟಿಸಿರುತ್ತಾರೆ. ಇದರ ಕೆಳತುದಿಯು ಪೊಳ್ಳಿನೊಳಕ್ಕೆ ಮಡಿಚಿಕೊಂಡಿರಬೇಕು.

ಗಾಜು ಎತ್ತುವ ಯಂತ್ರವು ಕೆಟ್ಟಾಗ ಮೇಸ್ತ್ರಿಯು ಈ ಹಾಳೆಯನ್ನು ಹರಿದು ಕೈಹಾಕುತ್ತಾನೆ. ಕೆಲಸ ಮುಗಿದ ಮೇಲೆ ಪ್ಯಾಡನ್ನು ಕೂಡಿಸುತ್ತಾನೆ, ಹಾಳೆಯನ್ನು ಮರೆಯುತ್ತಾನೆ. ಅನೇಕ ಸೋರಿಕೆಗಳ ಮೂಲವು ಇಲ್ಲಿಯೇ. ಎರಡನೆಯ ಕಾರಣವು ತೆಂಗಿನ ಸೀಮೆಗೆ ವಿಶೇಷವಾದುದು. ಮಟ್ಟೆಯ ಜುಂಗು, ನಾರಿನ ಪುಡಿ ಮತ್ತು ಕೆಂಪು ಧೂಳು ಗಾಜಿನ ಸಂದಿನಿಂದ ಇಳಿದು ಬಾಗಿಲಿನ ತಳದಲ್ಲಿ ಕಲಸಿ, ರಂಧ್ರಗಳನ್ನು ಗಾರೆಯಂತೆ ಮುಚ್ಚಿಬಿಡುತ್ತವೆ. ನಾರಿನ ಪುಡಿಯು ನೀರನ್ನು ಬಹುಕಾಲ ಹಿಡಿದಿಡುವ ವಸ್ತುವಾದ ಕಾರಣ ಬಾಗಿಲಿನ ತಳವು ಬೇಸಿಗೆಯವರೆಗೂ ಒದ್ದೆಯಾಗಿದ್ದು ಒಳಗಿಂದಲೇ ಕೊಳೆಯುತ್ತದೆ. ಮಳೆಯ ಮರುದಿನ ಬಾಗಿಲನ್ನು ತೆರೆದು ಅಲ್ಲಾಡಿಸಿದಾಗ ಕೊಡದಲ್ಲಿ ನೀರು ತುಳುಕಿದಂತೆ ಶಬ್ದವಾದರೆ ರಂಧ್ರಗಳು ಮುಚ್ಚಿವೆಯೆಂದೇ ತಿಳಿಯತಕ್ಕದ್ದು.

ಆದುದರಿಂದ ಮೊದಲು ರಂಧ್ರಗಳನ್ನು ಬಿಡಿಸತಕ್ಕದ್ದು. ಇದಕ್ಕೆ ತೆಂಗಿನ ಗರಿಯ ಕಡ್ಡಿಯೇ ಸಾಕು. ಉಕ್ಕಿನ ಮೊಳೆಯಿಂದ ತಿವಿದರೆ ಬಣ್ಣವು ಕಿತ್ತು ತುಕ್ಕಿಗೆ ದಾರಿಯಾಗುವುದು. ಅನಂತರ ಪ್ಯಾಡನ್ನು ತೆಗೆದು, ಒಬ್ಬನು ಒಳಗೆ ಕುಳಿತು ನೋಡುತ್ತಿರಲು, ಮತ್ತೊಬ್ಬನು ಹೊರಗಿನಿಂದ ತಂಬಿಗೆಯಲ್ಲಿ ನೀರನ್ನು ನಿಧಾನವಾಗಿ ಹೊಯ್ಯಬೇಕು. ಬಾಗಿಲಿನ ಕೆಳಭಾಗದಿಂದ ಆರಂಭಿಸಿ, ಗಾಜಿನ ಬುಡ, ಪಕ್ಕದ ಕಾಲುವೆ, ಮೇಲಿನ ಚೌಕಟ್ಟು, ಹೀಗೆ ಕ್ರಮವಾಗಿ ಮೇಲೇರತಕ್ಕದ್ದು. ಮೇಲಿನಿಂದಲೇ ಹೊಯ್ದರೆ ಎಲ್ಲವೂ ಒಮ್ಮೆಗೆ ನೆನೆದು ಸೋರುವ ಸ್ಥಳವು ತಿಳಿಯದು.

ಹರಿದ ಹಾಳೆಗೆ ಬದಲಾಗಿ ದಪ್ಪನೆಯ ಪಾಲಿಥೀನ್ ಹಾಳೆಯನ್ನು ಕತ್ತರಿಸಿ, ತಗಡನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ ಬ್ಯೂಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿ, ಕೆಳತುದಿಯನ್ನು ಪೊಳ್ಳಿನೊಳಕ್ಕೆ ಇಳಿಬಿಡಬೇಕು. ವಿನೆಗರಿನ ವಾಸನೆಯುಳ್ಳ ಸಿಲಿಕೋನನ್ನು ತಗಡಿಗೆ ಹಚ್ಚಕೂಡದು. ಅದರಿಂದ ಹೊರಡುವ ಆಮ್ಲವು ಕಬ್ಬಿಣವನ್ನು ತಿನ್ನುತ್ತದೆ. ಸೋರಿಕೆ ನಿಲ್ಲಲೆಂದು ತಳದ ರಂಧ್ರಗಳಿಗೇ ಟಾರು ಮೆತ್ತುವವರೂ ಉಂಟು. ಇದು ಕೆರೆಯ ಕೋಡಿಯನ್ನು ಕಟ್ಟಿ ಏರಿಯನ್ನು ಉಳಿಸಹೊರಟಂತೆ.

ರಬ್ಬರನ್ನು ಕೊಳ್ಳುವ ಮುನ್ನ ಬಾಗಿಲಿನ ತುದಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅಲುಗಾಡಿದರೆ ಕೀಲಿನ ಪಿನ್ನುಗಳು ಸವೆದು ಬಾಗಿಲು ಜೋತುಬಿದ್ದಿದೆ; ಅದನ್ನು ಸರಿಪಡಿಸದೆ ಹೊಸ ರಬ್ಬರು ಹಾಕಿ ಫಲವಿಲ್ಲ. ಬಾಗಿಲಿಗೆ ಒಂದು ಕಾಗದದ ಚೂರನ್ನು ಸಿಕ್ಕಿಸಿ ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದಲ್ಲಿ ಆ ಭಾಗದ ರಬ್ಬರು ಒತ್ತುತ್ತಿಲ್ಲ. ಚೌಕಟ್ಟಿನ ರಬ್ಬರಿನ ಬೆಸುಗೆಯು ಕೆಳಭಾಗದಲ್ಲಿರಬೇಕು, ಮೇಲೆ ಸಲ್ಲದು. ಗಾಜು ಬಿಗಿಯೆಂದು ರಬ್ಬರಿಗೆ ಗ್ರೀಸನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಹಚ್ಚಿದರೆ ಅದು ಉಬ್ಬಿ ಕೆಡುವುದು. ಎಣ್ಣೆಯು ತಲೆಗೆ ಹಿತ, ರಬ್ಬರಿಗೆ ಅಹಿತ. ಸೋಪಿನ ನೀರು ಸಾಕು.

ಮರದ ಚೌಕಟ್ಟಿಗೆ ತಗಡು ಹೊಡೆದು ಕಟ್ಟಿದ ಹಳೆಯ ಮಾದರಿಯ ಗೂಡುಗಳಲ್ಲಿ ಮಾತ್ರ ಗಾಜಿನ ಬುಡದ ಮರವನ್ನು ಚಾಕುವಿನಿಂದ ಚುಚ್ಚಿ ಪರೀಕ್ಷಿಸತಕ್ಕದ್ದು. ಮೆತ್ತಗಾಗಿದ್ದರೆ ಮೊದಲು ಬಡಗಿಯನ್ನು ಕರೆಸಬೇಕು.

ಕೆಲಸವಾದ ಮೇಲೆ ಬರುವ ಮೊದಲ ಮಳೆಯಲ್ಲಿ ಬಾಗಿಲಿನ ತಳದಿಂದ ನೀರು ಹೊರಕ್ಕೆ ತೊಟ್ಟಿಕ್ಕುತ್ತಿರುವುದು ಕಂಡರೆ ಗಾಬರಿಪಡಬೇಕಾದುದಿಲ್ಲ. ಅದು ಹೋಗಬೇಕಾದ ದಾರಿಯಲ್ಲಿಯೇ ಹೋಗುತ್ತಿದೆ.