ವಿಡಿಯೋ ಸಂವಾದ ಸಭೆಗಳಲ್ಲಿ ಧ್ವನಿ ವ್ಯವಸ್ಥೆ: ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ

ಖಾನಾಪುರ ಪಟ್ಟಣದಿಂದ ಬೆಳಗಾವಿ ನಗರಕ್ಕೆ ಇರುವ ಅಂತರ ಸುಮಾರು 26 ಕಿ.ಮೀ. ಮಾತ್ರ. ಆದರೆ ಕಣಕುಂಬಿ, ಜಾಂಬೋಟಿ ಭಾಗದ ಹಾಗೂ ಭೀಮಗಡ ಅರಣ್ಯದೊಳಗಿನ ಗ್ರಾಮಗಳ ಸದಸ್ಯರಿಗೆ ಮಳೆಗಾಲದಲ್ಲಿ ಜಿಲ್ಲಾ ಕೇಂದ್ರವನ್ನು ತಲುಪುವುದು ಸುಲಭವಲ್ಲ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಜಿಲ್ಲೆಯ ಅನೇಕ ರಸ್ತೆ, ಸೇತುವೆಗಳು ಜಲಾವೃತಗೊಂಡು ಸಂಚಾರವೇ ಸ್ಥಗಿತಗೊಂಡಿತ್ತು. ಇಂತಹ ಸಂದರ್ಭದಲ್ಲಿ ವಿಡಿಯೋ ಸಂವಾದವು ಅತ್ಯಂತ ಉಪಯುಕ್ತ. ಆದರೆ ಪರದೆಯ ಮೇಲೆ ಮುಖ ಕಂಡು ಮಾತು ಕೇಳಿಸದಿದ್ದರೆ ಆ ಸದಸ್ಯರು ಸಭೆಯಲ್ಲಿ ಇದ್ದೂ ಇಲ್ಲದಂತೆಯೇ ಸರಿ. ಕೇಳಿಸದ ಬೇಡಿಕೆಯು ನಡವಳಿಯಲ್ಲಿ ದಾಖಲಾಗುವುದಿಲ್ಲ.

ಚಿತ್ರಕ್ಕಿಂತ ಧ್ವನಿ ಮೊದಲು

ಧ್ವನಿಯನ್ನು ಸಾಗಿಸಲು ಸೆಕೆಂಡಿಗೆ ಸಾಮಾನ್ಯವಾಗಿ 100 ಕಿಲೋಬಿಟ್‌ಗಿಂತ ಕಡಿಮೆ ಸಂಪರ್ಕ ಸಾಮರ್ಥ್ಯ ಸಾಕು; ಸ್ಪಷ್ಟ ಚಿತ್ರಕ್ಕೆ ಅದರ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಮಾತು ತುಂಡುತುಂಡಾಗಿ ಕೇಳಿಬಂದಾಗ ಮೊದಲು ಕ್ಯಾಮೆರಾವನ್ನು ಸ್ಥಗಿತಗೊಳಿಸತಕ್ಕದ್ದು. ಬಹುತೇಕ ಸಂದರ್ಭಗಳಲ್ಲಿ ಧ್ವನಿಯು ಕೂಡಲೇ ಸುಧಾರಿಸುತ್ತದೆ.

ಮೂರು ಆಯ್ಕೆಗಳು

1. ಕಂಪ್ಯೂಟರಿನ ಸ್ವಂತ ಮೈಕ್ ಮತ್ತು ಸ್ಪೀಕರ್: ಒಬ್ಬರು ಅಥವಾ ಇಬ್ಬರು ಎದುರು ಕುಳಿತಾಗ ಮಾತ್ರ ಇದು ಸೂಕ್ತ. ಬಾಯಿಗೂ ಮೈಕ್‌ಗೂ ಇರುವ ದೂರ ಇಮ್ಮಡಿಯಾದಂತೆ ಮೈಕ್ ತಲುಪುವ ಧ್ವನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು ಮಾತ್ರ ಇಳಿಯುವುದಿಲ್ಲ. ಮೇಜಿನ ಕೊನೆಯಲ್ಲಿ ಕುಳಿತವರ ಮಾತು ಅಸ್ಪಷ್ಟವಾಗಲು ಇದೇ ಕಾರಣ.

2. ಪ್ರತ್ಯೇಕ ಸಾಧನ: ಒಬ್ಬರಿಗಾದರೆ ಮೈಕ್ ಸಹಿತ ಇಯರ್‌ಫೋನ್ ಉತ್ತಮ. ಹಲವು ಸದಸ್ಯರು ಒಂದೇ ಮೇಜಿನ ಸುತ್ತ ಕುಳಿತಿದ್ದರೆ, ಮೈಕ್ ಮತ್ತು ಸ್ಪೀಕರ್ ಒಂದರಲ್ಲೇ ಇರುವ ಸಂವಾದ ಸಾಧನವನ್ನು ಮೇಜಿನ ಮಧ್ಯದಲ್ಲಿ ಇಡತಕ್ಕದ್ದು. ಸಾಧನವನ್ನು ಜೋಡಿಸಿದ ಬಳಿಕ ಸಭೆಯ ತಂತ್ರಾಂಶದ ಧ್ವನಿ ಆಯ್ಕೆಯಲ್ಲೂ ಅದನ್ನೇ ಆರಿಸಬೇಕು. ಇಲ್ಲವಾದರೆ ಹಳೆಯ ಮೈಕ್ ಕೆಲಸ ಮಾಡುತ್ತಲೇ ಇರುತ್ತದೆ.

3. ದೂರವಾಣಿ ಕರೆ: ಸಭೆಯ ಆಹ್ವಾನದಲ್ಲಿ ಕರೆ ಸಂಖ್ಯೆಯನ್ನು ನೀಡಿದ್ದಲ್ಲಿ, ಇಂಟರ್ನೆಟ್ ಇಲ್ಲದಿದ್ದರೂ ಸಾಮಾನ್ಯ ಮೊಬೈಲ್ ಕರೆಯ ಮೂಲಕ ಭಾಗವಹಿಸಬಹುದು. ದಾಖಲೆಗಳು ಕಾಣುವುದಿಲ್ಲವಾದ್ದರಿಂದ ಅವುಗಳ ಪ್ರತಿಯನ್ನು ಮುಂಚಿತವಾಗಿ ಪಡೆದಿರಬೇಕು.

ಪ್ರತಿಧ್ವನಿ: ದೋಷ ಯಾರ ಕಡೆಯದು?

ತಮ್ಮ ಮಾತೇ ಮರಳಿ ಕೇಳಿಬಂದಾಗ ಅನೇಕರು ತಮ್ಮ ಸಾಧನವನ್ನೇ ಶಂಕಿಸುತ್ತಾರೆ. ವಾಸ್ತವದಲ್ಲಿ ದೋಷವಿರುವುದು ಸಾಮಾನ್ಯವಾಗಿ ಎದುರು ಬದಿಯಲ್ಲಿ. ಬೆಳಗಾವಿಯಿಂದ ಬಂದ ಮಾತು ಖಾನಾಪುರದ ಸ್ಪೀಕರಿನಿಂದ ಹೊರಟು ಅಲ್ಲಿನ ಮೈಕ್ ಸೇರಿದರೆ, ಪ್ರತಿಧ್ವನಿ ಕೇಳುವುದು ಬೆಳಗಾವಿಯಲ್ಲಿ. ಸ್ಪೀಕರಿನ ಸದ್ದನ್ನು ತಗ್ಗಿಸುವುದು ಮತ್ತು ಮಾತನಾಡದಿರುವಾಗ ಮೈಕ್ ಮುಚ್ಚಿಡುವುದು ಇದಕ್ಕೆ ಪರಿಹಾರ. ಒಂದೇ ಕೊಠಡಿಯಲ್ಲಿ ಎರಡು ಸಾಧನಗಳ ಧ್ವನಿ ತೆರೆದಿದ್ದರೆ ಕರ್ಕಶ ಕೂಗು ಏಳುತ್ತದೆ. ಒಂದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚತಕ್ಕದ್ದು.

ಮಳೆ ಮತ್ತು ವಿದ್ಯುತ್

ತಗಡಿನ ಛಾವಣಿಯ ಮೇಲೆ ಬೀಳುವ ಮಳೆಯ ಸದ್ದನ್ನು ತಂತ್ರಾಂಶವು ಅಳಿಸಲು ಯತ್ನಿಸುವಾಗ ಮಾತಿನ ಭಾಗವೂ ಅಳಿಸಿಹೋಗಬಹುದು. ಅಂತಹ ಕಚೇರಿಗಳಲ್ಲಿ ಕಾಂಕ್ರೀಟ್ ಛಾವಣಿಯ ಸಣ್ಣ ಕೊಠಡಿಯನ್ನು ಆರಿಸಿ, ಬಾಯಿಗೆ ಸಮೀಪದ ಮೈಕ್ ಬಳಸುವುದು ಸೂಕ್ತ. ವಿದ್ಯುತ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆದರೂ, ಆಪ್ಟಿಕಲ್ ಫೈಬರ್ ಸಂಪರ್ಕದ ಪೆಟ್ಟಿಗೆ ಹಾಗೂ ರೂಟರ್ ನಿಂತುಹೋಗುತ್ತವೆ. ಆದಕಾರಣ ಅವುಗಳನ್ನೂ ಯುಪಿಎಸ್‌ಗೆ ಜೋಡಿಸುವುದು ಅವಶ್ಯಕ.

ಎಲ್ಲರ ಮಾತಿಗೂ ಅವಕಾಶ

ಮೈಕ್ ಅಧ್ಯಕ್ಷರ ಅಥವಾ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಎದುರಿಗೆ ಮಾತ್ರ ಇದ್ದರೆ ಉಳಿದವರು ಕೇವಲ ಕೇಳುಗರಾಗುತ್ತಾರೆ. ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಹಿಂದಿನ ಸಾಲಿನಲ್ಲಿ ಕುಳಿತ ಸದಸ್ಯೆಯ ಮಾತು ಬೆಳಗಾವಿಗೆ ತಲುಪದಿದ್ದರೆ ಆಕೆಯ ವಾರ್ಡಿನ ಕುಡಿಯುವ ನೀರಿನ ಸಮಸ್ಯೆಯೂ ತಲುಪುವುದಿಲ್ಲ. ಆದ್ದರಿಂದ ಮಾತನಾಡುವವರ ಬಳಿಗೆ ಮೈಕ್ ಸಾಗಬೇಕು. ಮಾತನಾಡುವವರು ಮೊದಲು ಹೆಸರು ಮತ್ತು ಗ್ರಾಮವನ್ನು ತಿಳಿಸಿ, ನಿಧಾನವಾಗಿ ವಿಷಯ ಮಂಡಿಸಬೇಕು. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಈ ತಾಲ್ಲೂಕಿನಲ್ಲಿ ಇದು ನಡವಳಿ ಬರೆಯುವವರಿಗೂ ನೆರವಾಗುತ್ತದೆ. ಸಂಪರ್ಕ ಕಡಿತಗೊಂಡಲ್ಲಿ, ತಾವು ಹೇಳಿದ ವಿಷಯ ದಾಖಲಾಗಿದೆಯೇ ಎಂಬುದನ್ನು ಸಭೆ ಮುಗಿಯುವ ಮುನ್ನ ಕೇಳಿ ಖಚಿತಪಡಿಸಿಕೊಳ್ಳುವುದು ಸದಸ್ಯರ ಹಿತದೃಷ್ಟಿಯಿಂದ ಅಗತ್ಯ.

ಸಭೆಗೆ 15 ನಿಮಿಷ ಮುಂಚಿತವಾಗಿ ಸಂಪರ್ಕ ಪಡೆದು, ಮೇಜಿನ ಕಟ್ಟಕಡೆಯ ಆಸನದಿಂದ ಒಬ್ಬರು ಮಾತನಾಡಿ, ಅದು ಎದುರು ಬದಿಗೆ ಕೇಳಿಸಿತೇ ಎಂದು ವಿಚಾರಿಸತಕ್ಕದ್ದು. ಆ ಆಸನದ ಮಾತು ಕೇಳಿಸಿದರೆ ಉಳಿದೆಲ್ಲರ ಮಾತೂ ಕೇಳಿಸುತ್ತದೆ.