ಚಿತ್ತಾ ಮಳೆಯ ಹೊತ್ತಿಗೆ ಹೊಂಡದ ಮೀನು ಹಿಡಿಯಿರಿ

ಕೆಲವು ವರ್ಷಗಳ ಹಿಂದೆ, ಚಿತ್ತಾ ಮಳೆಯ ದಿನಗಳಲ್ಲಿ, ಬಯಲುಸೀಮೆಯ ರೈತರೊಬ್ಬರು ನಮ್ಮನ್ನು ತಮ್ಮ ಕೃಷಿಹೊಂಡದ ಬಳಿಗೆ ಕರೆದೊಯ್ದರು. ಮೂರು ದಿನ ಮೋಡ ಕವಿದಿದ್ದು, ಹಿಂದಿನ ಸಂಜೆ ಜೋರಾಗಿ ಮಳೆ ಸುರಿದಿತ್ತು. ಬೆಳಗಾಗುವಷ್ಟರಲ್ಲಿ ಕಾಟ್ಲಾ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಯಾರೋ ಆಗದವರು ರಾತ್ರಿ ವಿಷ ಹಾಕವ್ರೆ ಸ್ವಾಮಿ" ಎಂದು ಅವರು ಪಕ್ಕದ ಹೊಲದ ಕಡೆ ನೋಡಿದರು.

ಸತ್ತವುಗಳಲ್ಲಿ ದೊಡ್ಡ ಮೀನುಗಳೇ ಹೆಚ್ಚಾಗಿದ್ದವು. ಸಣ್ಣವು ಅಂಚಿನಲ್ಲಿ ಇನ್ನೂ ಓಡಾಡುತ್ತಿದ್ದವು. ವಿಷ ಬಿದ್ದಾಗ ಸಾಮಾನ್ಯವಾಗಿ ಸಣ್ಣ ಮೀನುಗಳು ಮೊದಲು ಸಾಯುತ್ತವೆ. ಬೆಳಗಿನ ಜಾವ ದೊಡ್ಡ ಮೀನುಗಳು ಮೊದಲು ಸತ್ತರೆ ನೀರಿನಲ್ಲಿ ಆಮ್ಲಜನಕ ಸಾಲದಾಯಿತೆಂದು ತಿಳಿಯಬೇಕು. ವಿಚಾರಿಸಿದಾಗ, 5 ಗುಂಟೆಯ ಆ ಹೊಂಡಕ್ಕೆ 1000 ಮರಿ ಬಿಟ್ಟಿದ್ದು ತಿಳಿಯಿತು. ಹೆಕ್ಟೇರಿಗೆ 5000 ಮರಿಗಳ ಲೆಕ್ಕದಲ್ಲಿ ಅಲ್ಲಿ 250 ಮರಿ ಸಾಕಾಗಿತ್ತು. ನೆರೆಯವರ ತಪ್ಪೇನೂ ಇರಲಿಲ್ಲ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಭೂಮಿಯಲ್ಲಿ ಹೊಂಡಗಳು ಹೆಚ್ಚಿವೆ. ಹಲವರು ಅವುಗಳಲ್ಲಿ ಮೀನನ್ನೂ ಸಾಕುತ್ತಿದ್ದಾರೆ. ಆದುದರಿಂದ ಮಳೆಗಾಲ ಮುಗಿದು ಚಳಿ ಕಾಲಿಡುವ ಈ ಸಂಧಿಕಾಲದಲ್ಲಿ ಹೊಂಡದೊಳಗೆ ನಡೆಯುವುದೇನೆಂದು ರೈತರು ತಿಳಿದಿರುವುದು ಅಗತ್ಯ.

ನೀರು ಮಗುಚುವುದು ಹೇಗೆ?

ಬಿಸಿಲಿನ ದಿನಗಳಲ್ಲಿ ಹೊಂಡದ ಮೇಲಿನ ನೀರು ಬೆಚ್ಚಗಿದ್ದು ಹಗುರಾಗಿರುತ್ತದೆ. ಅದರಲ್ಲಿನ ಹಸಿರು ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ. ತಳದ ನೀರು ತಂಪಾಗಿ ಭಾರವಾಗಿರುತ್ತದೆ. ಅಲ್ಲಿ ಎಲೆ, ಸಗಣಿ, ಉಳಿದ ಆಹಾರ ಕೊಳೆಯುವುದರಿಂದ ಆಮ್ಲಜನಕ ತೀರಾ ಕಡಿಮೆ. ತಣ್ಣನೆಯ ಮಳೆ ಬಿದ್ದೊಡನೆ ಮೇಲಿನ ನೀರು ತಂಪಾಗಿ ಕೆಳಗಿಳಿಯುತ್ತದೆ, ತಳದ ಕೆಟ್ಟ ನೀರು ಮೇಲಕ್ಕೆ ಬಂದು ಬೆರೆಯುತ್ತದೆ. ಮೋಡದಿಂದಾಗಿ ಪಾಚಿಯ ಕೆಲಸವೂ ಕುಂಠಿತವಾಗುತ್ತದೆ. ರಾತ್ರಿಯಲ್ಲಿ ಪಾಚಿ, ಮೀನು, ಕೊಳೆಯುವ ವಸ್ತು ಎಲ್ಲವೂ ಇದ್ದ ಆಮ್ಲಜನಕವನ್ನೇ ಬಳಸುತ್ತವೆ. ಹೀಗಾಗಿ ಬೆಳಗಿನ ಜಾವವೇ ಅಪಾಯದ ಹೊತ್ತು.

ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯುತ್ತವೆ. 3ಕ್ಕಿಂತ ಕೆಳಗಿಳಿದರೆ ಬಳಲುತ್ತವೆ. ಉಪಕರಣವಿಲ್ಲದಿದ್ದರೂ ಚಿಂತೆಯಿಲ್ಲ. ಸೂರ್ಯೋದಯಕ್ಕೆ ಮುನ್ನ ದಡದಲ್ಲಿ ನಿಂತು ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಎಚ್ಚರಿಕೆ.

ಯಾವಾಗ, ಎಷ್ಟು ಹಿಡಿಯಬೇಕು?

"ಇನ್ನೂ ಬೆಳೆಯಲಿ, ಸಂಕ್ರಾಂತಿಗೆ ಹಿಡಿಯೋಣ" ಎಂದು ಕಾಯುವವರು ಬಹಳ. ಆದರೆ ನೀರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚುರುಕಾಗಿ ಮೇಯುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು 20ರ ಸುತ್ತ ಬಂದಾಗ ಮೇವು ಕಡಿಮೆ ಮಾಡುತ್ತವೆ. ಚಳಿಯಲ್ಲಿ ತೂಕ ಏರುವುದು ನಿಧಾನ, ಹೊಂಡದ ನೀರೂ ಇಳಿಯುತ್ತಾ ಹೋಗುತ್ತದೆ. ಆದುದರಿಂದ ಚಿತ್ತಾ, ಸ್ವಾತಿ ಮಳೆಗಳ ನಡುವೆ ಬಿಸಿಲು ಬಿದ್ದ ದಿನಗಳಲ್ಲಿ ಅರ್ಧ ಕಿಲೋ ಮೀರಿದ ಮೀನುಗಳನ್ನು ಹಿಡಿದು ಮಾರುವುದು ಲಾಭಕರ. ಉಳಿದವಕ್ಕೆ ಜಾಗವೂ ಆಮ್ಲಜನಕವೂ ದೊರೆಯುತ್ತವೆ.

ಹಿಡಿಯುವ ಹಿಂದಿನ ದಿನ ಆಹಾರ ಹಾಕಬಾರದು. ಮೀನು ಬಾಯಿ ಬಿಡುತ್ತಿರುವಾಗ ಬಲೆ ಎಳೆಯಲೇಬಾರದು. ಕದಡಿದ ಕೆಸರು ಉಳಿದ ಮೀನನ್ನೂ ಕೊಲ್ಲುತ್ತದೆ. ಬಿಸಿಲೇರುವ ಮುನ್ನ, ಮೀನು ಶಾಂತವಾಗಿರುವುದನ್ನು ಖಚಿತಪಡಿಸಿಕೊಂಡು ಬಲೆ ಹಾಕಿ. ಸಣ್ಣವನ್ನು ಒದ್ದೆ ಕೈಯಲ್ಲಿ ಹಿಡಿದು ಮೆಲ್ಲನೆ ನೀರಿಗೆ ಬಿಡಿ. ಪಾಲಿಥೀನ್ ಹಾಸಿದ ಹೊಂಡದಲ್ಲಿ ಬಲೆಯ ಗುಂಡುಗಳು ಹಾಳೆಯನ್ನು ಹರಿಯದಂತೆ ನೋಡಿಕೊಳ್ಳಬೇಕು. ಅಲ್ಲಿ ಕಾಲು ಜಾರಿದರೆ ಮೇಲೇಳುವುದು ಕಷ್ಟ. ದಡದಲ್ಲಿ ಗೂಟಕ್ಕೆ ಹಗ್ಗ ಕಟ್ಟದೆ, ಜೊತೆಗೊಬ್ಬರಿಲ್ಲದೆ ಯಾರೂ ಇಳಿಯಬಾರದು.

ಉಳಿದ ಮೀನಿನ ಪಾಲನೆ

ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮತೂಕದಲ್ಲಿ ಬೆರೆಸಿ ಕೊಡುವುದು ರೂಢಿ. ತಲಾ 250 ಗ್ರಾಂ ತೂಗುವ 200 ಮೀನುಗಳೆಂದರೆ 50 ಕಿ.ಗ್ರಾಂ. ಆಯಿತು. ಶೇಕಡಾ 2ರಂತೆ ದಿನಕ್ಕೆ 1 ಕಿ.ಗ್ರಾಂ. ಆಹಾರ ಬೇಕು. ಚಳಿ ಬಲಿತಾಗ ಇದನ್ನು ಅರ್ಧಕ್ಕೆ ಇಳಿಸಿ. ಮೋಡದ ದಿನ ಪೂರ್ತಿ ನಿಲ್ಲಿಸಿ. ತಿನ್ನದೆ ಉಳಿದ ಹಿಂಡಿ ಕೊಳೆತು ಆಮ್ಲಜನಕ ನುಂಗುತ್ತದೆ. ಈ ದಿನಗಳಲ್ಲಿ ಸಗಣಿಯನ್ನೂ ಹಾಕಬಾರದು.

ಹೊಲಕ್ಕೂ ಹೊಂಡಕ್ಕೂ ನಂಟಿದೆ. ಮೇಲುಗೊಬ್ಬರವಾಗಿ ಯೂರಿಯಾ ಕೊಟ್ಟ ಮೇಲೆ ಬಿದ್ದ ಮೊದಲ ಜೋರು ಮಳೆಯ ನೀರನ್ನು ಹೊಂಡಕ್ಕೆ ಬಿಡದೆ ಬದಿಗೆ ತಿರುಗಿಸುವುದು ಲೇಸು. ತೊಗರಿ ಹೂವಿಗೆ ಔಷಧಿ ಸಿಂಪಡಿಸಿದ ಪಂಪನ್ನು ಹೊಂಡದಲ್ಲಿ ತೊಳೆದರೆ ಆಗ ನಿಜವಾಗಿಯೂ ವಿಷ ಬಿದ್ದಂತೆಯೇ.

ಮೀನು ಬಾಯಿ ಬಿಡುವುದು ಕಂಡರೆ ತಡಮಾಡದೆ ಪಂಪ್‌ಸೆಟ್ಟಿನಿಂದ ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ, ಎತ್ತರದಿಂದ ಚಿಮ್ಮಿ ಬೀಳುವಂತೆ ಮಾಡಿ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದನ್ನೂ ಹೀಗೆಯೇ ಚಿಮ್ಮಿಸಿ ಬಿಡಬೇಕು. ಬಿಸಿಲೇರುವವರೆಗೆ ಪಂಪ್ ನಡೆಯಲಿ.

ಚಳಿಯೊಡನೆ ಬರುವ ಇನ್ನೊಂದು ಕಾಟ ಹುಣ್ಣು ರೋಗ. ಒಂದು ಬಗೆಯ ಶಿಲೀಂಧ್ರದಿಂದ ಬರುವ ಈ ರೋಗದಲ್ಲಿ ಮೈಮೇಲೆ ಕೆಂಪು ಕಲೆ ಎದ್ದು ಹುಣ್ಣಾಗುತ್ತದೆ. 5 ಗುಂಟೆಗೆ 10 ಕಿ.ಗ್ರಾಂ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಆರಿಸಿ, ಚಳಿಗೆ ಮುನ್ನವೇ ಎರಚಿದರೆ ರಕ್ಷಣೆ ಸಿಗುತ್ತದೆ. ಹುಣ್ಣು ಕಂಡೊಡನೆ ಮೀನುಗಾರಿಕೆ ಇಲಾಖೆಯವರ ಸಲಹೆ ಪಡೆಯಿರಿ.

ರಾಗಿ ತೆನೆ ಬಲಿತ ಮೇಲೆ ಕೊಯ್ಲನ್ನು ಯಾವ ರೈತನೂ ಮಳೆಗೆ ಬಿಟ್ಟು ಕೂರುವುದಿಲ್ಲ. ಹೊಂಡದ ಮೀನೂ ಒಂದು ಬೆಳೆಯೇ. ತೂಕಕ್ಕೆ ಬಂದದ್ದನ್ನು ಸಕಾಲದಲ್ಲಿ ನಾವು ಹಿಡಿಯದಿದ್ದರೆ, ಒಂದು ಮೋಡದ ರಾತ್ರಿ ಅದನ್ನು ಕೊಯ್ದುಕೊಂಡು ಹೋಗುತ್ತದೆ.